ಕಾಯಿಲೆ ಹಬ್ಬಿದಾಗ, ಗುಡ್ಡದ ಬರೆ ಕುಸಿದಾಗ: ಕೊಡಗಿನ ಆ್ಯಂಬುಲೆನ್ಸ್ ನಿಯಮ ಹೇಗಿರಬೇಕು?

ಸುಂಟಿಕೊಪ್ಪದ ಬೆಳೆಗಾರ

ಮಳೆಗಾಲಕ್ಕೆ ಮುಂಚೆ ನಮ್ಮ ಪಂಚಾಯಿತಿಯಲ್ಲಿ ವಿಪತ್ತು ನಿರ್ವಹಣೆಯ ಸಭೆ ಇದೆ. ಪ್ರತಿ ವರ್ಷ ಜೆಸಿಬಿ ಎಲ್ಲಿದೆ, ಪರಿಹಾರ ಕೇಂದ್ರ ಯಾವ ಶಾಲೆಯಲ್ಲಿ, ಅಕ್ಕಿ ಎಷ್ಟಿದೆ ಅಂತ ಮಾತಾಡಿ ಎದ್ದು ಬರುತ್ತೇವೆ. ಆ್ಯಂಬುಲೆನ್ಸ್ ವಿಷಯ ಬಂದರೆ "108 ಇದೆಯಲ್ಲ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಆದರೆ 2020ರ ಆಗಸ್ಟ್ ನೆನಪಿದೆ ಅಲ್ವಾ? ಕೊರೊನಾ ಏರುತ್ತಿದ್ದಾಗಲೇ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಕ್ಕಿತು. ಹುಡುಕಾಟ ನಡೆಸಿದವರಿಗೆ ಮಳೆ, ಮಣ್ಣು, ಸೋಂಕು ಮೂರೂ ಒಟ್ಟಿಗೆ ಎದುರಾದವು. 2018 ಮತ್ತು 2019ರಲ್ಲಿ ಪರಿಹಾರ ಕೇಂದ್ರದಲ್ಲಿ ಜನರನ್ನು ಒಟ್ಟಿಗೆ ಮಲಗಿಸಬಹುದಿತ್ತು. 2020ರಲ್ಲಿ ಅದೇ ಅಪಾಯ ಆಯಿತು.

ಇಂಥ ಹೊತ್ತಿನಲ್ಲಿ ಆ್ಯಂಬುಲೆನ್ಸ್ ನಿಯಮಗಳು ಬದಲಾಗುತ್ತವೆ. ಬದಲಾಗಲೇಬೇಕು. ಆದರೆ ಬದಲಾದದ್ದು ಕರೆ ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಲೋಪ ಇದೇ. ಸಭೆಗೆ ಒಂದು ಮನವಿ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಇದ್ದವರು, ಕಂಡವರು ದಯವಿಟ್ಟು ಬರೆಯಿರಿ.

ಹಳೇ ಇಎಂಟಿ, ಈಗ ಕುಶಾಲನಗರ

ಒಳ್ಳೆಯ ಪ್ರಶ್ನೆ ಅಣ್ಣ. ನಾನು ಇಎಂಟಿ, ಅಂದರೆ ಆ್ಯಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ತುರ್ತು ಸಿಬ್ಬಂದಿ ಆಗಿದ್ದೆ. ಕೊರೊನಾ ಸಮಯದಲ್ಲಿ ಗಾಡಿಯೊಳಗೆ ಏನೇನು ಬದಲಾಯಿತು ಅಂತ ಮೊದಲು ಹೇಳುತ್ತೇನೆ. ಹೊರಗಿನವರಿಗೆ ಅದು ಕಾಣುವುದಿಲ್ಲ.

ನಮ್ಮ ರಾಜ್ಯದಲ್ಲಿ 108 ಶುರುವಾದದ್ದು 2008ರ ನವೆಂಬರ್ 1ಕ್ಕೆ. ಅಲ್ಲಿಂದ ನಮಗೆ ಕಲಿಸಿದ್ದು ಒಂದೇ: ಕರೆ ಬಂದ ತಕ್ಷಣ ಹೊರಡು, ಮುಟ್ಟಿದ ತಕ್ಷಣ ಕೆಲಸ ಶುರು ಮಾಡು. 2020ರ ಮಾರ್ಚ್ ಕೊನೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಹೊಸ ಸೂಚನೆ ಬಂತು. ಸೋಂಕಿತರಿಗೆ ಬೇರೆ ಗಾಡಿ ಮೀಸಲಿಡಬೇಕು. ಕರೆ ತೆಗೆದವರು ಜ್ವರ ಇದೆಯಾ, ಎಲ್ಲಿಂದ ಬಂದಿದ್ದಾರೆ, ಸೋಂಕಿತರ ಸಂಪರ್ಕ ಇತ್ತಾ ಅಂತ ಕೇಳಲೇಬೇಕು. ಇಎಂಟಿ ಪಿಪಿಇ, ಅಂದರೆ ಮೈ ಮುಚ್ಚುವ ರಕ್ಷಣಾ ಬಟ್ಟೆ ಹಾಕಬೇಕು. ರೋಗಿಯನ್ನು ಇಳಿಸಿದ ಮೇಲೆ 1% ಹೈಪೋಕ್ಲೋರೈಟ್ ಸೋಂಕುನಾಶಕದಿಂದ ಗಾಡಿ ಒರೆಸಬೇಕು. ತಾಯಿ-ಮಗುವಿಗೆ ಮೀಸಲಾದ 102 ಗಾಡಿಗಳನ್ನು ಕೊರೊನಾಕ್ಕೆ ಬಳಸಬಾರದು ಅಂತಲೂ ಅದರಲ್ಲಿತ್ತು. ಅದು ತುಂಬಾ ಒಳ್ಳೆಯ ನಿಯಮ. ಹೆರಿಗೆ ನೋವು ಕೊರೊನಾ ಮುಗಿಯಲಿ ಅಂತ ಕಾಯುವುದಿಲ್ಲ.

ಈಗ ಲೆಕ್ಕ ಹಾಕಿ. ಪಿಪಿಇ ಹಾಕಲು ಹೊತ್ತು ಬೇಕು. ಗಾಡಿ ತೊಳೆದು ಒಣಗಿಸಲು ಇನ್ನಷ್ಟು ಹೊತ್ತು. ಅಷ್ಟು ಹೊತ್ತು ಆ ಗಾಡಿ ಮುಂದಿನ ಕರೆಗೆ ಸಿಗುವುದಿಲ್ಲ. ಊರಿನಲ್ಲಿ ಗಾಡಿಗಳ ಸಂಖ್ಯೆ ಅಷ್ಟೇ ಇರುತ್ತದೆ, ಆದರೆ ಕೆಲಸಕ್ಕೆ ಸಿಗುವ ಗಾಡಿ ಕಡಿಮೆ ಆಗುತ್ತದೆ. ಜನ "ಗಾಡಿ ಆಸ್ಪತ್ರೆ ಎದುರಿಗೇ ನಿಂತಿತ್ತು, ಬರಲಿಲ್ಲ" ಅಂತ ಬೈಯುತ್ತಿದ್ದರು. ಅದು ಸೋಂಕು ತೊಳೆಯಲು ನಿಂತಿದ್ದ ಗಾಡಿ. ಇದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ವಿರಾಜಪೇಟೆಯವಳು, ಸದ್ಯ ಬೆಂಗಳೂರು

ಅಪ್ಪ-ಅಮ್ಮ ಊರಿನಲ್ಲಿ ಇಬ್ಬರೇ ಇರುವುದರಿಂದ ಈ ವಿಷಯ ನನಗೆ ನಿದ್ದೆ ಕೆಡಿಸುತ್ತದೆ. ಹೃದಯ ನಿಂತವರ ಎದೆ ಒತ್ತುವುದರ (ಸಿಪಿಆರ್) ಬಗ್ಗೆ ಕೇಳಬೇಕಿತ್ತು. ಕೊರೊನಾದಲ್ಲಿ ಅದನ್ನೂ ಬದಲಾಯಿಸಿದ್ದರು ಅಂತ ಕೇಳಿದ್ದೆ. ಈಗ ಯಾವುದು ಸರಿ?

ಹಳೇ ಇಎಂಟಿ, ಈಗ ಕುಶಾಲನಗರ

ಬದಲಾಯಿಸಿದ್ದರು ತಂಗಿ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಕೊಟ್ಟ ತಾತ್ಕಾಲಿಕ ಸೂಚನೆ ಹೀಗಿತ್ತು: ರೋಗಿಯ ಬಾಯಿ-ಮೂಗಿಗೆ ಮಾಸ್ಕ್ ಅಥವಾ ಬಟ್ಟೆ ಮುಚ್ಚಿ, ದೊಡ್ಡವರಿಗೆ ಬಾಯಿಂದ ಉಸಿರು ಊದದೆ ಎದೆ ಮಾತ್ರ ಒತ್ತಿ, ಕೋಣೆಯಲ್ಲಿ ಜನ ಕಡಿಮೆ ಇರಲಿ, ಸಿಬ್ಬಂದಿ ಪಿಪಿಇ ಹಾಕಿಯೇ ಒಳಗೆ ಹೋಗಲಿ. ನಮ್ಮ ದೇಶದಲ್ಲೂ ಎದೆ ಮಾತ್ರ ಒತ್ತುವ ಕ್ರಮವನ್ನೇ ಹೇಳಿಕೊಟ್ಟರು. ಲಸಿಕೆ ಬಂದ ಮೇಲೆ ಅದನ್ನು ಮತ್ತೆ ತಿದ್ದಿ, ಮಾಸ್ಕ್ ಹುಡುಕುತ್ತಾ ಎದೆ ಒತ್ತುವುದನ್ನು ತಡ ಮಾಡಬೇಡಿ ಅಂದರು.

ಮನೆಯವರಿಗೆ ನಾನು ಹೇಳುವುದು ಇಷ್ಟೇ. ಉಸಿರು ನಿಂತು ಬಿದ್ದರೆ ಎದೆಯ ನಡುವೆ ಗಟ್ಟಿಯಾಗಿ, ಬೇಗ ಬೇಗ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಫೋನನ್ನು ಸ್ಪೀಕರ್‌ಗೆ ಹಾಕಿ 108ಕ್ಕೆ ಕರೆ ಮಾಡಿ. ನಮ್ಮ ಜಿಲ್ಲೆಯ ದೂರ ಗೊತ್ತಲ್ಲ. ಗಾಡಿ ಬರುವವರೆಗೆ ನಿಮ್ಮ ಕೈಯೇ ಆಸರೆ.

ಕರಿಕೆ ಕಡೆಯವರು

ಕೇರಳ ಗಡಿಯ ಮಾತು ಯಾರೂ ಎತ್ತಿಲ್ಲವಲ್ಲ.

2020ರ ಮಾರ್ಚ್‌ನಲ್ಲಿ ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ನಮಗೆ ಹತ್ತಿರದ ಪೇಟೆ ಕೇರಳದ ಪಾಣತ್ತೂರು. ಕುಟ್ಟದವರಿಗೆ ಮಾನಂದವಾಡಿ ಹತ್ತಿರ, ಮಡಿಕೇರಿ ದೂರ. ಡಯಾಲಿಸಿಸ್, ಹೆರಿಗೆ, ಹಾವು ಕಡಿತ, ಎಲ್ಲಕ್ಕೂ ಅಜ್ಜಂದಿರ ಕಾಲದಿಂದ ಆ ಕಡೆಗೇ ಹೋದವರು ನಾವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ದಾರಿಯೇ ಇಲ್ಲ.

ಮಂಗಳೂರು-ಕಾಸರಗೋಡು ಗಡಿಯ ತಲಪಾಡಿಯಲ್ಲಿ ಇದೇ ಕತೆ ಉಲ್ಟಾ ಆಯಿತು. ಕಾಸರಗೋಡಿನ ರೋಗಿಗಳಿಗೆ ಮಂಗಳೂರು ಬೇಕಿತ್ತು. ಕೇರಳ ಹೈಕೋರ್ಟ್ ಆದೇಶ ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಮತ್ತು ಎರಡೂ ರಾಜ್ಯ ಕೂತು ಮಾತಾಡಿದ ಮೇಲೆ, ಕೊರೊನಾ ಅಲ್ಲದ ತುರ್ತು ರೋಗಿಗಳನ್ನು ಗಡಿಯಲ್ಲಿ ತಪಾಸಣೆ ಮಾಡಿ ಬಿಡುವ ಕ್ರಮ ಬಂತು. ಕೋರ್ಟಿಗೆ ಹೋಗುವ ಮುಂಚೆಯೇ ಈ ಕ್ರಮ ಕಾಗದದಲ್ಲಿ ಇದ್ದಿದ್ದರೆ?

ಇನ್ನೊಂದು ವಿಷಯ. ಗಡಿಯಲ್ಲಿ ಫೋನ್ ಕೇರಳದ ಟವರ್ ಹಿಡಿದರೆ 108 ಕರೆ ಅಲ್ಲಿನ ಕಂಟ್ರೋಲ್ ರೂಮಿಗೆ ಹೋಗುವುದುಂಟು. ಅವರು ಮಲಯಾಳದಲ್ಲಿ ಊರು ಕೇಳುತ್ತಾರೆ. ಇವರು "ಕರಿಕೆ, ಕೊಡಗು" ಅನ್ನುತ್ತಾರೆ. ಅಲ್ಲಿಗೆ ಎಷ್ಟು ಹೊತ್ತು ಹೋಯಿತು ನೋಡಿ. ಎರಡೂ ಕಡೆಯ ಕಂಟ್ರೋಲ್ ರೂಮು ಕರೆಯನ್ನು ನೇರವಾಗಿ ದಾಟಿಸಿಕೊಳ್ಳುವ ಏರ್ಪಾಡು ಬೇಕು. ಗಡಿ ಮುಚ್ಚುವ ಆದೇಶದಲ್ಲೇ "ತುರ್ತು ರೋಗಿಗೆ ಹೀಗೆ ದಾರಿ" ಅನ್ನುವ ಸಾಲು ಕಡ್ಡಾಯವಾಗಿ ಇರಬೇಕು. ಮನವಿಯಲ್ಲಿ ಇದನ್ನು ಮೊದಲಿಗೇ ಬರೆಯಿರಿ ಅಣ್ಣ.

ಪಿಎಚ್‌ಸಿ ವೈದ್ಯೆ

ಕರಿಕೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಗಡಿಯ ಪ್ರಶ್ನೆ ಕೊರೊನಾದೊಂದಿಗೆ ಮುಗಿದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಬಂದಾಗ ನಮ್ಮ ಸರ್ಕಾರ ಗಡಿ ಜಿಲ್ಲೆಗಳಿಗೆ ಜ್ವರದ ನಿಗಾ ಇಡಲು ಸುತ್ತೋಲೆ ಕಳಿಸಿತು. ಕೊಡಗು ಅದರಲ್ಲಿತ್ತು.

ನಿಪಾ ಮತ್ತು ಕೊರೊನಾಕ್ಕೆ ಒಂದೇ ನಿಯಮ ಸಾಲದು. ನಿಪಾ ಗಾಳಿಯಲ್ಲಿ ಊರೆಲ್ಲ ಹಬ್ಬುವ ಕಾಯಿಲೆ ಅಲ್ಲ. ರೋಗಿಯ ಜೊಲ್ಲು, ವಾಂತಿ, ರಕ್ತ, ಹತ್ತಿರದ ಆರೈಕೆ, ಇವುಗಳಿಂದ ಅಂಟುತ್ತದೆ. ಆದರೆ ಅಂಟಿದವರಲ್ಲಿ ಸಾಯುವವರು ತುಂಬಾ ಜಾಸ್ತಿ. 2018ರಲ್ಲಿ ಕೇರಳದಲ್ಲಿ 17 ಜನ ತೀರಿಕೊಂಡರು. ರೋಗಿಯನ್ನು ನೋಡಿಕೊಂಡಿದ್ದ ಪೇರಾಂಬ್ರದ ನರ್ಸ್ ಲಿನಿ ಅವರಲ್ಲಿ ಒಬ್ಬರು. ಇಂಥ ಕಾಯಿಲೆಯಲ್ಲಿ ಮೊದಲು ಅಪಾಯಕ್ಕೆ ಸಿಗುವುದು ಆರೈಕೆ ಮಾಡುವವರು, ಎತ್ತಿ ಸಾಗಿಸುವವರು.

ಹಾಗಾಗಿ ನಿಪಾ ಅನುಮಾನ ಇದ್ದರೆ ಗಾಡಿಯಲ್ಲಿ ಕಡಿಮೆ ಜನ ಇರಬೇಕು. ದಾರಿಯಲ್ಲಿ ಬೇರೆ ರೋಗಿಯನ್ನು ಹತ್ತಿಸಬಾರದು. ಯಾರು ಮುಟ್ಟಿದರು, ಯಾರು ಜೊತೆ ಕೂತರು ಅಂತ ಅಲ್ಲೇ ಬರೆದಿಡಬೇಕು, ಏಕೆಂದರೆ ಆಮೇಲೆ 21 ದಿನ ಅವರ ಮೇಲೆ ನಿಗಾ ಇಡಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹೊರಡುವ ಮುಂಚೆಯೇ ಆಸ್ಪತ್ರೆಗೆ ಫೋನ್ ಹೋಗಬೇಕು. ರೋಗಿ ಬಾಗಿಲಿಗೆ ಬಂದ ಮೇಲೆ "ಯಾವ ವಾರ್ಡ್" ಅಂತ ಯೋಚಿಸುವ ಕಾಯಿಲೆ ಇದಲ್ಲ.

ಮಾದಾಪುರದ ಜೀಪ್ ಡ್ರೈವರ್

ನಾನು ಓದಿದವನಲ್ಲ, ಕಂಡದ್ದು ಹೇಳುತ್ತೇನೆ. 2018ರಲ್ಲಿ ನಮ್ಮ ಕಡೆ ಬರೆ ಕುಸಿದು ದಾರಿ ತುಂಡು ತುಂಡಾಗಿತ್ತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಎಲ್ಲ ಕಡೆ ಹಾಗೇ. ಜೋಡುಪಾಲದಲ್ಲಿ ಕುಸಿದು ಮಂಗಳೂರು ದಾರಿಯೂ ಬಂದ್. ಆ್ಯಂಬುಲೆನ್ಸ್ ಒಳಗೆ ಬರುವ ಹಾಗಿರಲಿಲ್ಲ. ಕಾಯಿಲೆಯವರನ್ನು ಕುರ್ಚಿಗೆ ಕಟ್ಟಿ ಹೊತ್ತು ತಂದು ಜೀಪಿಗೆ ಹಾಕಿ, ಡಾಂಬರು ಇರುವಲ್ಲಿಗೆ ಮುಟ್ಟಿಸಿದೆವು.

ಅದಕ್ಕೆ ನಾನು ಹೇಳುವುದು, ಕೈ ಬದಲಿಸುವ ಜಾಗ ಮೊದಲೇ ಗುರುತು ಮಾಡಿ. ದಾರಿ ಕಡಿದರೆ ಈಚೆ ಒಂದು ಗಾಡಿ, ಆಚೆ ಒಂದು ಗಾಡಿ. ನಡುವೆ ಹೊರುವವರು ಯಾರು, ಸ್ಟ್ರೆಚರ್ ಯಾವ ಮನೆಯಲ್ಲಿ ಇಟ್ಟಿದೆ, ಟಾರ್ಚ್ ಎಲ್ಲಿದೆ. ಎಲ್ಲಿ ಕುಸಿಯುತ್ತದೆ ಅಂತ ನಮಗೆ ಗೊತ್ತು. ಆಫೀಸಿನವರು ಕೇಳಬೇಕು ಅಷ್ಟೇ.

ಹೊರುವವರಿಗೆ ಸೋಂಕು ಬರದ ಹಾಗೆ ಮಾಸ್ಕ್, ಗ್ಲೌಸ್ ಆ ಸ್ಟ್ರೆಚರ್ ಜೊತೆಗೇ ಇಡಿ. ನಮ್ಮ ಹುಡುಗರು ಯಾವ ಕಾಯಿಲೆ ಅಂತ ಕೇಳದೆ ಹೊರುತ್ತಾರೆ. ಅವರನ್ನು ಹಾಗೇ ಬಿಡಬಾರದು.

ಜೀಪಿನ ಬಾಡಿಗೆ, ಡೀಸೆಲ್? ಕೊರೊನಾದಲ್ಲಿ ಓಡಿಸಿದ ಎಷ್ಟೋ ಜನ ಕೈಯಿಂದಲೇ ಹಾಕಿದ್ದಾರೆ.

ಸುಂಟಿಕೊಪ್ಪದ ಬೆಳೆಗಾರ

ಕೈ ಬದಲಿಸುವ ಜಾಗ ಅನ್ನುವುದು ನನಗೆ ಹೊಳೆದೇ ಇರಲಿಲ್ಲ ಅಣ್ಣ, ಬರೆದುಕೊಂಡೆ. ಡೀಸೆಲ್ ವಿಷಯಕ್ಕೆ ಕಾನೂನಿನಲ್ಲಿ ದಾರಿ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಜಿಲ್ಲಾ ಪ್ರಾಧಿಕಾರ ಖಾಸಗಿ ವಾಹನವನ್ನು ಸೇವೆಗೆ ಪಡೆಯಬಹುದು. ಹಾಗೆ ಪಡೆದರೆ 66ನೇ ಸೆಕ್ಷನ್ ಪ್ರಕಾರ ಹಣ ಕೊಡಬೇಕು. ಡಿಸಿ ಅವರೇ ಆ ಪ್ರಾಧಿಕಾರದ ಅಧ್ಯಕ್ಷರು. ಜೀಪುಗಳ ಪಟ್ಟಿಯನ್ನು ಮೇ ತಿಂಗಳಲ್ಲೇ ಕೊಟ್ಟು, ಬಾಡಿಗೆ ಇಷ್ಟು ಅಂತ ಮೊದಲೇ ನಿಗದಿ ಮಾಡಿಸಿದರೆ ಆಮೇಲೆ ಅಲೆಯುವುದು ತಪ್ಪುತ್ತದೆ.

ಹಳೇ ಇಎಂಟಿ, ಈಗ ಕುಶಾಲನಗರ

ಆಕ್ಸಿಜನ್ ಬಗ್ಗೆ ಯಾರೂ ಬರೆದಿಲ್ಲ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ಉದ್ದ ಆದರೂ ಓದಿ.

ಬಿ ಟೈಪ್ ಸಿಲಿಂಡರ್ ಪೂರ್ತಿ ತುಂಬಿದ್ದರೆ ಸುಮಾರು 1500 ಲೀಟರ್ ಆಕ್ಸಿಜನ್ ಸಿಗುತ್ತದೆ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ. 15 ಲೀಟರ್ ಬಿಟ್ಟರೆ 100 ನಿಮಿಷ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಜೋರು ಮಳೆಯಲ್ಲಿ, ರೋಗಿಯನ್ನು ಅಲುಗಾಡಿಸದೆ ಹೋದರೆ ಮೂರು ಗಂಟೆಯೂ ಹಿಡಿಯಬಹುದು. ಅಂದರೆ ಒಂದು ಸಿಲಿಂಡರ್ ನಂಬಿ ಹೊರಟರೆ ಮೈಸೂರು ಮುಟ್ಟುವುದಿಲ್ಲ. ಮೀಟರ್ ಮುಳ್ಳು ಅರ್ಧಕ್ಕೆ ಇದ್ದರೆ 750 ಲೀಟರ್ ಮಾತ್ರ. 10 ಲೀಟರಿನಂತೆ 75 ನಿಮಿಷ. ಪಿರಿಯಾಪಟ್ಟಣ ದಾಟಿ ಹುಣಸೂರು ಬರುವುದರೊಳಗೆ ಖಾಲಿ.

2021ರ ಎರಡನೇ ಅಲೆಯಲ್ಲಿ ಎಲ್ಲರಿಗೂ ದೂರದ ಆಸ್ಪತ್ರೆಗೆ ರೆಫರ್ ಬೇಕಿತ್ತು. ಆಗ ಕಲಿತ ಪಾಠಗಳನ್ನು ನಿಯಮ ಮಾಡಬೇಕು. ಹೊರಡುವ ಮುಂಚೆ ಈ ಲೆಕ್ಕವನ್ನು ರೆಫರ್ ಚೀಟಿಯಲ್ಲೇ ಬರೆಯಬೇಕು. ದಾರಿಯಲ್ಲಿ ಸಿಲಿಂಡರ್ ಬದಲಿಸುವ ಜಾಗ ಗೊತ್ತಿರಬೇಕು. ಕುಶಾಲನಗರ, ಹುಣಸೂರು ಎರಡು ಕಡೆ ಸಾಕು. ಸುಮ್ನೆ ಭಯಕ್ಕೆ ಪೂರ್ತಿ ತಿರುಗಿಸಿ ಬಿಡಬಾರದು. ಕೊರೊನಾದಲ್ಲಿ ಸಾಮಾನ್ಯವಾಗಿ ರಕ್ತದ ಆಕ್ಸಿಜನ್ ಮಟ್ಟ ಶೇ 92ರಿಂದ 96 ಇದ್ದರೆ ಸಾಕು ಅಂತ ಗುರಿ ಇತ್ತು. ಅಷ್ಟಕ್ಕೆ ಬೇಕಾದಷ್ಟೇ ಬಿಡಬೇಕು. ರೋಗಿಗೆ ಎಚ್ಚರ ಇದ್ದು, ಸಾಧ್ಯವಿದ್ದರೆ ಮಕಾಡೆ ಮಲಗಿಸಿದರೂ ಆಕ್ಸಿಜನ್ ಮಟ್ಟ ಏರುವುದನ್ನು ಕಂಡಿದ್ದೇವೆ.

ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲೂ ಆಕ್ಸಿಜನ್ ಸಾಲದೆ ಬಂದಿತ್ತು. 2021ರ ಜನವರಿಯಲ್ಲಿ ಅಲ್ಲಿನ ಆ್ಯಂಬುಲೆನ್ಸ್ ಸಿಬ್ಬಂದಿಗೆ ಬಂದ ಸೂಚನೆ: ಮಟ್ಟ 90ಕ್ಕಿಂತ ಕೆಳಗೆ ಇಳಿದವರಿಗೆ ಮಾತ್ರ ಆಕ್ಸಿಜನ್ ಕೊಡಿ. ಹೃದಯ ನಿಂತ ದೊಡ್ಡವರಿಗೆ ಸ್ಥಳದಲ್ಲೇ ಪ್ರಯತ್ನ ಮಾಡಿ, ನಾಡಿ ಮರಳದಿದ್ದರೆ ಆಸ್ಪತ್ರೆಗೆ ತರಬೇಡಿ. ಕೇಳಲು ಕಷ್ಟ. ಆದರೆ ಅವರು ಅದನ್ನು ಬರೆದು, ಎಲ್ಲರಿಗೂ ಗೊತ್ತಾಗುವ ಹಾಗೆ ಮಾಡಿದರು.

ವಿರಾಜಪೇಟೆಯವಳು, ಸದ್ಯ ಬೆಂಗಳೂರು

ಇದನ್ನು ನಾನು ಒಪ್ಪಲಾರೆ ಅಣ್ಣ. "ತರಬೇಡಿ" ಅನ್ನುವ ನಿಯಮ ನಮ್ಮಲ್ಲಿ ಬಂದರೆ ಮೊದಲು ಬಿಟ್ಟುಹೋಗುವುದು ಯಾರನ್ನು? ತೋಟದ ಕೂಲಿಗಳ ಲೈನ್ ಮನೆಯವರನ್ನು, ಆದಿವಾಸಿ ಹಾಡಿಯವರನ್ನು, ಒಂಟಿ ಮುದುಕರನ್ನು. ಜೋರಾಗಿ ಮಾತಾಡುವವರಿಗೆ ಗಾಡಿ ಬರುತ್ತದೆ. ಉಳಿದವರಿಗೆ "ಮನೆಯಲ್ಲೇ ಇರಿ" ಅನ್ನುತ್ತಾರೆ.

ಪಿಎಚ್‌ಸಿ ವೈದ್ಯೆ

ನಿಮ್ಮ ಭಯ ನ್ಯಾಯವಾದದ್ದು ಮೇಡಂ. ಆದರೆ ನಿಯಮ ಇಲ್ಲದಿದ್ದರೂ ಆಯ್ಕೆ ನಡೆದೇ ನಡೆಯುತ್ತದೆ. ಒಂದು ಗಾಡಿ, ಎರಡು ಕರೆ ಇದ್ದಾಗ ಯಾರೋ ಒಬ್ಬರು ತೀರ್ಮಾನ ಮಾಡುತ್ತಾರೆ. ಆ ಭಾರವನ್ನು ರಾತ್ರಿ ಪಾಳಿಯ ಒಬ್ಬ ಇಎಂಟಿ ಮೇಲೆ ಹಾಕುವುದು ಅನ್ಯಾಯ.

ನಾನು ಕೇಳುವುದು ಹೀಗೆ. ಗಾಡಿ ಕಳಿಸುವುದಿಲ್ಲ ಅಂತ ತೀರ್ಮಾನ ಆಗುವ ಪ್ರತಿ ಕರೆಯಲ್ಲೂ ಒಬ್ಬ ಡಾಕ್ಟರ್ ಫೋನಿನಲ್ಲಿ ಇರಬೇಕು. ಕಾರಣವನ್ನು ಬರೆದಿಡಬೇಕು. ಎರಡು ಗಂಟೆಯೊಳಗೆ ಅದೇ ಮನೆಗೆ ವಾಪಸ್ ಕರೆ ಹೋಗಬೇಕು. ಫೋನ್ ಸಿಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಬೇಕು. ಯಾವ ಊರಿನ, ಯಾವ ಹಾಡಿಯ ಕರೆಗೆ ಗಾಡಿ ಹೋಗಲಿಲ್ಲ ಅನ್ನುವ ಪಟ್ಟಿಯನ್ನು ವಾರಕ್ಕೊಮ್ಮೆ ಯಾರಾದರೂ ನೋಡಬೇಕು. ನೀವು ಹೇಳಿದ ಅನ್ಯಾಯ ನಡೆಯುತ್ತಿದ್ದರೆ ಆ ಪಟ್ಟಿಯಲ್ಲಿ ಕಾಣುತ್ತದೆ.

ವಿರಾಜಪೇಟೆಯವಳು, ಸದ್ಯ ಬೆಂಗಳೂರು

ಪಟ್ಟಿ ನೋಡುವವರಲ್ಲಿ ಹಾಡಿಯವರೂ ಒಬ್ಬರು ಇರಲಿ ಡಾಕ್ಟ್ರೇ. ಆಗ ಒಪ್ಪುತ್ತೇನೆ.

ಆಶಾ ಕಾರ್ಯಕರ್ತೆ, ಪೊನ್ನಂಪೇಟೆ ತಾಲ್ಲೂಕು

ಹಾಡಿ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಏರಿಯಾದಲ್ಲಿ ಯರವರು, ಜೇನು ಕುರುಬರು ಇದ್ದಾರೆ. ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಕಡೆಯವರು ಜಾಸ್ತಿ. 108ಕ್ಕೆ ಕರೆ ಮಾಡಿದರೆ ವಿಳಾಸ ಕೇಳುತ್ತಾರೆ. ಅವರಿಗೆ ಗೊತ್ತಿರುವುದು ಸಾಹುಕಾರರ ತೋಟದ ಹೆಸರು ಅಷ್ಟೇ. ಅದು ಕಾಲ್ ಸೆಂಟರಿನ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ಕೊರೊನಾದಲ್ಲಿ ಪ್ರಶ್ನೆಗಳು ಇನ್ನೂ ಜಾಸ್ತಿ ಆದವು. ಜ್ವರ ಇದೆ ಅಂದರೆ ಎಲ್ಲಿಗೋ ಕರೆದುಕೊಂಡು ಹೋಗಿ ಇಡುತ್ತಾರೆ ಅನ್ನುವ ಹೆದರಿಕೆ. ಅದಕ್ಕೆ ಜ್ವರ ಇಲ್ಲ ಅಂತಲೇ ಹೇಳುತ್ತಿದ್ದರು. ಅದನ್ನು ನಂಬಿ ಗಾಡಿಯವರು ಪಿಪಿಇ ಕಿಟ್ ಹಾಕದೆ ಬರುತ್ತಿದ್ದರು. ನಿಯಮ ಏಕೆ ಅಂತ ಹಾಡಿಗೆ ಹೋಗಿ ಅವರ ಮಾತಿನಲ್ಲೇ ಹೇಳಿದ ಮೇಲೆ ನಿಜ ಹೇಳಲು ಶುರು ಮಾಡಿದರು. ಬಿಳಿ ಬಟ್ಟೆ ಹಾಕಿಕೊಂಡು ಬರುವವರು ನಮ್ಮವರೇ, ಮುಖ ಕಾಣದಿದ್ದರೂ ಹೆದರಬೇಡಿ ಅಂತ ಫೋಟೊ ತೋರಿಸಿದೆವು.

ಪ್ರತಿ ತೋಟದ ರೈಟರ್ (ಗುಮಾಸ್ತ) ಹತ್ತಿರ ಒಂದು ಚೀಟಿ ಇರಲಿ. ಗೇಟಿಗೆ ಬರುವ ದಾರಿ, ಹತ್ತಿರದ ಶಾಲೆ ಅಥವಾ ಬಸ್ ಸ್ಟ್ಯಾಂಡ್, ಎದುರು ಬಂದು ನಿಲ್ಲುವವರ ಫೋನ್. ರಾತ್ರಿ ಆನೆ ಇರುವ ದಾರಿ ಯಾವುದು ಅಂತಲೂ. ತಿತಿಮತಿ ಕಡೆ ಗಾಡಿಯವರು ಆನೆಗೆ ನಿಂತು ಕಾದದ್ದು ಎಷ್ಟೋ ಸಲ. ಅರಣ್ಯ ಇಲಾಖೆಯ ಆನೆ ತಂಡದ ನಂಬರ್ ಆ್ಯಂಬುಲೆನ್ಸಿನವರ ಹತ್ತಿರ ಇರಬೇಕಲ್ವಾ?

ಸೋಮವಾರಪೇಟೆಯ ಅಂಗಡಿಯವರು

ನಮ್ಮ ಮನೆಯ ಕೆಲಸದವರು 2020ರಲ್ಲಿ ಮರ ಕಪಾತು ಮಾಡುವಾಗ ಬಿದ್ದರು. ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಕೊರೊನಾ ರಿಪೋರ್ಟ್ ಬರುವವರೆಗೆ ಹೊರಗೇ ಇಟ್ಟರು. ಆ ವರ್ಷ ಮೇ ತಿಂಗಳಲ್ಲೇ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಸ್ಪಷ್ಟವಾಗಿ ಬರೆದಿತ್ತು: ಪರೀಕ್ಷೆ ಆಗಿಲ್ಲ ಅಂತ ಹೆರಿಗೆ ಸೇರಿ ಯಾವ ತುರ್ತು ಚಿಕಿತ್ಸೆಯನ್ನೂ ತಡ ಮಾಡಬಾರದು. ನಮಗೆ ಅದು ಆಗ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಗೊತ್ತಿದ್ದರೆ ಕಾಗದ ತೋರಿಸಿ ಕೇಳಬಹುದಿತ್ತು.

ಇಂಥ ಆದೇಶಗಳನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ನ್ಯಾಯಬೆಲೆ ಅಂಗಡಿ ಮುಂದೆ ಅಂಟಿಸಿ. ಯಾವ ದಿನದಿಂದ ಯಾವ ದಿನದವರೆಗೆ ಅಂತಲೂ ಹಾಕಿ. ಕಾಯಿಲೆ ಇಳಿದ ಮೇಲೂ ಹಳೇ ನಿಯಮ ಹೇಳಿ ತಡೆಯುವವರು ಇದ್ದಾರೆ.

ಕರಿಕೆ ಕಡೆಯವರು

ಕೊನೆಯ ದಿನಾಂಕ ಇಲ್ಲದ ಆದೇಶ ಕೊಡಲೇಬಾರದು. ಬೇಕಿದ್ದರೆ ಮತ್ತೆ ಮುಂದುವರಿಸಲಿ.

ಹಳೇ ಇಎಂಟಿ, ಈಗ ಕುಶಾಲನಗರ

ಒಂದು ಬಿಟ್ಟುಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ತೊಂದರೆಯಿಂದ ರಾಜ್ಯದಲ್ಲೆಲ್ಲ 108ಕ್ಕೆ ಕರೆ ಸರಿಯಾಗಿ ಸಿಗಲಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮಲಗುವುದು ಮಾಮೂಲು. 108 ಸಿಗದಿದ್ದರೆ 112, ಜಿಲ್ಲಾ ಕಂಟ್ರೋಲ್ ರೂಮಿನ 1077, ಆಮೇಲೆ ಹತ್ತಿರದ ಆಸ್ಪತ್ರೆಯ ಲ್ಯಾಂಡ್‌ಲೈನ್. ಇದೇ ಕ್ರಮದಲ್ಲಿ ಬರೆದು ಮನೆ ಮನೆಗೆ ಕೊಡಿ. ಪೂರ್ತಿ ನೆಟ್‌ವರ್ಕ್ ಹೋದರೆ ಪೊಲೀಸರ ವೈರ್‌ಲೆಸ್ ಇದೆ. ಅದರಲ್ಲಿ ಆ್ಯಂಬುಲೆನ್ಸ್ ಕೇಳುವ ಅನುಮತಿಯನ್ನೂ ಮೊದಲೇ ಮಾಡಿಸಿಕೊಳ್ಳಿ.

ಮಾದಾಪುರದ ಜೀಪ್ ಡ್ರೈವರ್

2024ರ ಜುಲೈನಲ್ಲಿ ಕರ್ತೋಜಿ ಹತ್ತಿರ ರಸ್ತೆ ಬಿರುಕು ಬಿಟ್ಟು ರಾತ್ರಿ ಗಾಡಿ ಬಿಡುತ್ತಿರಲಿಲ್ಲ. ಅಂಥ ದಿನ ರೋಗಿ ಇರುವ ನಮ್ಮ ಜೀಪನ್ನು ಗೇಟಿನಲ್ಲಿ ತಡೆಯದ ಹಾಗೆ ಒಂದು ಪಾಸ್ ಕೊಡಲಿ. ಸೈರನ್ ಇರುವ ಗಾಡಿ ನೋಡಿದರೆ ಬಿಡುತ್ತಾರೆ. ನಮ್ಮದಕ್ಕೆ ಸೈರನ್ ಇಲ್ಲ, ಒಳಗೆ ಮಲಗಿರುವವರು ಮಾತ್ರ ಅದೇ ರೋಗಿ.

ಸುಂಟಿಕೊಪ್ಪದ ಬೆಳೆಗಾರ

ಪಾಸ್ ವಿಷಯ ಸೇರಿಸಿದೆ. ಇಲ್ಲಿ ಬಂದದ್ದನ್ನೆಲ್ಲ ಹಾಕಿ ಮನವಿಯ ಕರಡು ಈ ವಾರ ಇಲ್ಲೇ ಹಾಕುತ್ತೇನೆ, ತಿದ್ದಿ. ಒಂದು ಪ್ರತಿ ಪಂಚಾಯಿತಿಗೆ, ಒಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಒಂದು ಡಿಸಿ ಕಚೇರಿಗೆ. ಡಾಕ್ಟ್ರೇ, ಗಾಡಿ ಹೋಗದ ಕರೆಗಳ ಪಟ್ಟಿಯ ಬಗ್ಗೆ ನೀವೇ ಎರಡು ಪ್ಯಾರಾ ಬರೆದುಕೊಟ್ಟರೆ ಚೆನ್ನ.

ಆಶಾ ಅಕ್ಕ, ನಿಮ್ಮ ಕಡೆ ಜೀಪ್ ಕೂಡ ಹೋಗದ ಹಾಡಿಗಳು ಯಾವುವು ಅಂತ ಹೇಳಬಹುದಾ? ಕುಟ್ಟ ಕಡೆಯವರು ಯಾರೂ ಇನ್ನೂ ಬರೆದಿಲ್ಲ. ಗೊತ್ತಿರುವವರು ಇದ್ದರೆ ಈ ಚರ್ಚೆ ಅವರಿಗೆ ಕಳಿಸಿ.

ಆಶಾ ಕಾರ್ಯಕರ್ತೆ, ಪೊನ್ನಂಪೇಟೆ ತಾಲ್ಲೂಕು

ಪಟ್ಟಿ ಮಾಡಿ ಕೊಡುತ್ತೇನೆ. ಮಳೆ ಹಿಡಿದ ಮೇಲೆ ತೋಡು ತುಂಬಿ ದಾರಿ ನಿಲ್ಲುವ ಹಾಡಿಗಳನ್ನು ಬೇರೆಯಾಗಿ ಬರೆಯುತ್ತೇನೆ. ಅಲ್ಲಿರುವ ಬಸುರಿಯರ ಹೆರಿಗೆ ದಿನವನ್ನು ಈಗಲೇ ಡಾಕ್ಟರಿಗೆ ತಿಳಿಸಿದರೆ, ಮುಂಚೆಯೇ ಆಸ್ಪತ್ರೆ ಹತ್ತಿರ ಕರೆದುಕೊಂಡು ಬರಬಹುದು.